ಉಸಿರಿನ ದಾರಿಯಲ್ಲಿ ತಂತಿಯ ಬಲೆ

ನಾನು ಕಲಾ ವಿಭಾಗದ ವಿದ್ಯಾರ್ಥಿ. ಇತಿಹಾಸ, ಅರ್ಥಶಾಸ್ತ್ರ, ಕನ್ನಡ ಇವು ನಾನು ಓದುವ ವಿಷಯಗಳು. ಇಂಥವನಿಗೆ ವೈದ್ಯಶಾಸ್ತ್ರದ ಗೊಡವೆ ಏಕೆಂದು ವಾಚಕರು ಕೇಳಬಹುದು. ಕಳೆದ ಬೇಸಗೆಯ ರಜೆಯಲ್ಲಿ ಒಂದು ಬೆಳಿಗ್ಗೆ ದೊಡ್ಡ ಆಸ್ಪತ್ರೆಯೊಂದರ ಶಸ್ತ್ರಚಿಕಿತ್ಸೆಯ ಕೊಠಡಿಯ ಹೊರಗೆ ಬೆಂಚಿನ ಮೇಲೆ ಕುಳಿತಿದ್ದೆ. ನರ್ಸಮ್ಮನವರು ಬಂದು ನಾಲ್ಕು ಪುಟದ ಇಂಗ್ಲಿಷ್ ಕಾಗದವೊಂದನ್ನು ಕೈಗಿತ್ತು, "ನೀವು ಓದಿದವರಲ್ಲವೆ? ಇದನ್ನು ನಿಮ್ಮ ಅತ್ತೆಯವರಿಗೆ ಕನ್ನಡದಲ್ಲಿ ತಿಳಿಸಿ ಹೇಳಿ, ರುಜು ಹಾಕಿಸಿ ಕೊಡಿ" ಎಂದರು. ಒಳಗೆ ಮಲಗಿದ್ದವರು ನನ್ನ ಸೋದರಮಾವ. ಅವರ ಶ್ವಾಸನಾಳದೊಳಗೆ ಹದಿನೇಳು ತಿಂಗಳಿಂದ ಇದ್ದ ಲೋಹದ ಸ್ಟೆಂಟನ್ನು ಅಂದು ತೆಗೆಯುವವರಿದ್ದರು.

ಕಾಗದವನ್ನು ಓದಿದೆ. ಅಕ್ಷರಗಳೆಲ್ಲ ಪರಿಚಿತವಾದುವೇ, ಅರ್ಥ ಮಾತ್ರ ಆಗಲಿಲ್ಲ. ಎಲ್ಲೋ ಹರಿಯಬಹುದು, ಏನೋ ಉಳಿಯಬಹುದು, ಯಾವುದೋ ಒಂದು ಒಡೆಯಬಹುದು ಎಂಬಷ್ಟೇ ತಿಳಿಯಿತು. ಅತ್ತೆ ಕಾಗದವನ್ನು ನೋಡುತ್ತಿರಲಿಲ್ಲ, ನನ್ನ ಮುಖವನ್ನು ನೋಡುತ್ತಿದ್ದರು. "ಏನೂ ಇಲ್ಲ ಅತ್ತೆ, ಒಂದು ತಂತಿ ತೆಗೆಯುತ್ತಾರಂತೆ, ಅಷ್ಟೆ" ಎಂದೆ. ಅವರು ರುಜು ಹಾಕಿದರು. ನಾನು ಹೇಳಿದುದು ಸುಳ್ಳು. ಅಂದು ಹೇಳಬೇಕಾಗಿದ್ದುದು ಏನೆಂಬುದನ್ನು ಆಮೇಲೆ ಡಾಕ್ಟರನ್ನು ಕೇಳಿಯೂ ಪುಸ್ತಕಗಳನ್ನು ಹುಡುಕಿಯೂ ತಿಳಿದುಕೊಂಡೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಶ್ವಾಸನಾಳದ ವಿಷಯ. ಕುತ್ತಿಗೆಯ ಮುಂಭಾಗವನ್ನು ಬೆರಳಿನಿಂದ ಒತ್ತಿ ನೋಡಿದರೆ ಬಳೆಬಳೆಯಾಗಿ ಕೈಗೆ ಸಿಕ್ಕುವುದೇ ಅದು. ದೊಡ್ಡವರಲ್ಲಿ ಅದರ ಉದ್ದ ಸುಮಾರು ೧೦ರಿಂದ ೧೨ ಸೆಂಟಿಮೀಟರ್, ಒಳಗಿನ ಅಗಲ ಹೆಚ್ಚು ಕಡಿಮೆ ೨ ಸೆಂಟಿಮೀಟರ್. ಹದಿನಾರರಿಂದ ಇಪ್ಪತ್ತು ಮೃದ್ವಸ್ಥಿಯ ಬಳೆಗಳು ಅದನ್ನು ಕುಸಿಯದಂತೆ ಹಿಡಿದಿರುತ್ತವೆ. ಬಳೆ ಎಂದೆನಾದರೂ ಅವು ಪೂರ್ತಿ ಬಳೆಗಳಲ್ಲ, ಕುದುರೆಯ ಲಾಳದಂತೆ ಹಿಂದುಗಡೆ ತೆರೆದಿವೆ. ಆ ಹಿಂಬದಿಯ ಗೋಡೆ ಬರಿಯ ತೆಳುವಾದ ಪೊರೆ. ಅದಕ್ಕೆ ಅಂಟಿಕೊಂಡಂತೆಯೇ ಅನ್ನನಾಳ ಇಳಿಯುತ್ತದೆ. ಮುಂಭಾಗದಲ್ಲಿ, ಎದೆಯೊಳಗೆ, ದೊಡ್ಡದೊಂದು ರಕ್ತನಾಳ ಅಡ್ಡಹಾಯುತ್ತದೆ. ನಾಳದ ಒಳಮೈಗೆ ಕಣ್ಣಿಗೆ ಕಾಣದ ಸಣ್ಣ ರೋಮಗಳ ಹೊದಿಕೆಯುಂಟು. ಗಾಳಿಯೊಡನೆ ಬಂದ ಧೂಳನ್ನು ಕಫದಲ್ಲಿ ಸಿಕ್ಕಿಸಿ, ಹಗಲಿರುಳೂ ಗಂಟಲಿನತ್ತ ಗುಡಿಸುತ್ತಿರುವುದೇ ಅವುಗಳ ಕೆಲಸ. ಈ ಮೂರು ಸಂಗತಿಗಳನ್ನು ವಾಚಕರು ನೆನಪಿನಲ್ಲಿಟ್ಟಿರಬೇಕು: ಹಿಂದಿನ ತೆಳುಪೊರೆ, ಅಕ್ಕಪಕ್ಕದ ನೆರೆಹೊರೆ, ಒಳಗಿನ ಕಸಗುಡಿಸುವವರು. ಮುಂದೆ ಬರುವ ಕಷ್ಟಗಳೆಲ್ಲ ಇವುಗಳಿಂದಲೇ.

ನಮ್ಮ ಮಾವನಿಗೆ ನಾಳ ಕಿರಿದಾದುದು ಹೇಗೆಂಬುದು ಸ್ವಲ್ಪ ವಿಚಿತ್ರ. ಮಳೆಗಾಲದಲ್ಲಿ ಅಡಿಕೆಗೆ ಕೊಳೆರೋಗ ಬಂದಿತ್ತು. ಔಷಧಿ ಹೊಡೆಯಲು ಆಳು ಸಿಕ್ಕದೆ ತಾವೇ ಮರ ಹತ್ತಿದರು, ಜಾರಿ ಬಿದ್ದರು, ತಲೆಗೆ ಪೆಟ್ಟಾಯಿತು. ಹತ್ತೊಂಬತ್ತು ದಿನ ಕೃತಕ ಉಸಿರಾಟದ ಯಂತ್ರದ ಮೇಲಿದ್ದರು. ಬಾಯಿಂದ ಶ್ವಾಸನಾಳಕ್ಕೆ ಇಳಿಸಿದ ಕೊಳವೆಯ ತುದಿಯಲ್ಲಿ ಗಾಳಿ ತುಂಬಿದ ಪುಟ್ಟ ಬುಗ್ಗೆಯೊಂದು ಇರುತ್ತದೆ. ಯಂತ್ರದ ಗಾಳಿ ಪಕ್ಕದಿಂದ ಸೋರದಂತೆ ಅದು ತಡೆಯುತ್ತದೆ. ಆ ಬುಗ್ಗೆ ಬಹಳ ದಿನ ಬಿಗಿಯಾಗಿ ಒತ್ತಿದರೆ ನಾಳದ ಒಳಮೈಗೆ ರಕ್ತ ಹರಿಯುವುದಿಲ್ಲ. ಅಲ್ಲಿ ಹುಣ್ಣಾಗುತ್ತದೆ. ಹುಣ್ಣು ಮಾಯುವಾಗ ಗಾಯದ ಕಲೆ ಸುತ್ತಲಿಂದಲೂ ಬಿಗಿದುಕೊಳ್ಳುತ್ತದೆ, ಚೀಲದ ಬಾಯಿಯ ದಾರ ಎಳೆದ ಹಾಗೆ. ಜೀವ ಉಳಿಸಿದ ಕೊಳವೆಯೇ ಹೀಗೆ ಹಿಂದಿನಿಂದ ಸಾಲ ಕೇಳುವುದುಂಟು.

ಇದು ಒಂದೇ ದಿನದಲ್ಲಿ ಆಗುವುದಿಲ್ಲ. ಮಾವ ಮನೆಗೆ ಬಂದು ಐದಾರು ವಾರವಾದ ಮೇಲೆ ಗದ್ದೆಯ ಏರಿ ಹತ್ತುವಾಗ ಏದುಸಿರು ಬರಲಾರಂಭಿಸಿತು. ಉಸಿರೆಳೆದಾಗ ಸೀಟಿಯಂಥ ಸದ್ದು. ಎಲ್ಲರೂ ಉಬ್ಬಸವೆಂದರು, ಉಬ್ಬಸದ ಔಷಧಿಯನ್ನೇ ಎರಡು ತಿಂಗಳು ಸೇದಿದರು. ಇಂಥ ರೋಗಿಗಳಲ್ಲಿ ಈ ತಪ್ಪು ಬಹಳ ಸಾಮಾನ್ಯವೆಂದು ಆಮೇಲೆ ತಿಳಿಯಿತು. ಕೊಳವೆಯಲ್ಲಿ ಹರಿವಿಗಾಗುವ ತಡೆಯನ್ನು ಲೆಕ್ಕ ಹಾಕಿದ ಪ್ವಾಸಯ್ ಎಂಬ ಫ್ರೆಂಚ್ ವೈದ್ಯನ ನಿಯಮದಂತೆ, ಕೊಳವೆಯ ಅಗಲ ಅರ್ಧವಾದರೆ ತಡೆ ಎರಡರಷ್ಟಾಗುವುದಿಲ್ಲ, ಹದಿನಾರರಷ್ಟಾಗುತ್ತದೆ. ಆದುದರಿಂದ ರೋಗಿ ಬಹುಕಾಲ ಹೇಗೋ ನಿಭಾಯಿಸಿಕೊಂಡಿದ್ದು, ಕೊನೆಯ ಒಂದೆರಡು ಮಿಲಿಮೀಟರ್ ಕಿರಿದಾದಾಗ ಒಮ್ಮೆಲೆ ಕುಸಿಯುತ್ತಾನೆ. ನಾಳ ೮ ಮಿಲಿಮೀಟರಿಗೆ ಬಂದರೆ ನಡೆಯುವಾಗ ದಮ್ಮು; ೫ ಮಿಲಿಮೀಟರಿಗೆ ಬಂದರೆ ಕುಳಿತಲ್ಲೇ ದಮ್ಮು. ಮಾವ ಕುಳಿತಲ್ಲೇ ಏದುತ್ತಿದ್ದ ಒಂದು ರಾತ್ರಿ ಅವರನ್ನು ಪಟ್ಟಣದ ಆಸ್ಪತ್ರೆಗೆ ಒಯ್ದರು. ಅಲ್ಲಿ ಲೋಹದ ಸ್ಟೆಂಟನ್ನು ಹಾಕಿದರು. ಮರುದಿನವೇ ಎದ್ದು ಕುಳಿತು ಕಾಫಿ ಕುಡಿದರು. ಮನೆಮಂದಿಗೆಲ್ಲ ಅದೊಂದು ಪವಾಡವಾಗಿ ತೋರಿತು.

ಈ "ಸ್ಟೆಂಟ್" ಎಂಬ ಶಬ್ದದ ಹುಟ್ಟು ನಮ್ಮಂಥ ಇತಿಹಾಸದ ವಿದ್ಯಾರ್ಥಿಗಳಿಗೆ ರುಚಿಸುವಂತಹುದು. ಹತ್ತೊಂಬತ್ತನೆಯ ಶತಮಾನದಲ್ಲಿ ಲಂಡನ್ನಿನಲ್ಲಿ ಚಾರ್ಲ್ಸ್ ಸ್ಟೆಂಟ್ ಎಂಬ ದಂತವೈದ್ಯನಿದ್ದ. ಹಲ್ಲಿನ ಅಚ್ಚು ತೆಗೆಯುವ ಮೇಣದಂಥ ವಸ್ತುವೊಂದನ್ನು ಅವನು ಉತ್ತಮಗೊಳಿಸಿದ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಎಸ್ಸರ್ ಎಂಬ ಡಚ್ ಶಸ್ತ್ರವೈದ್ಯನು ಗಾಯಗೊಂಡ ಸೈನಿಕರ ಮುಖಕ್ಕೆ ಚರ್ಮದ ಕಸಿ ಕಟ್ಟುವಾಗ ಆ ವಸ್ತುವನ್ನೇ ಆಧಾರವಾಗಿ ಬಳಸಿದ. ಅಲ್ಲಿಂದ ಮುಂದೆ ದೇಹದ ಭಾಗವನ್ನು ಒಳಗಿನಿಂದ ಹಿಡಿದು ನಿಲ್ಲಿಸುವ ಯಾವ ಆಧಾರಕ್ಕಾದರೂ ಸ್ಟೆಂಟ್ ಎಂಬ ಹೆಸರು ನಿಂತುಬಿಟ್ಟಿತು. ಹಲ್ಲಿನ ಡಾಕ್ಟರನ ಹೆಸರು ಹೃದಯಕ್ಕೂ ಶ್ವಾಸನಾಳಕ್ಕೂ ಪ್ರವೇಶಿಸಿದ ಬಗೆ ಇದು.

ಶ್ವಾಸನಾಳಕ್ಕೆ ಹಾಕುವ ಸ್ಟೆಂಟುಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಒಂದು ಸಿಲಿಕೋನಿನದು, ರಬ್ಬರಿನಂಥ ಮೆತ್ತನೆಯ ಕೊಳವೆ. ಮಾಂಟ್‌ಗೊಮೆರಿ ಎಂಬ ಅಮೆರಿಕದ ವೈದ್ಯನು ೧೯೬೫ರಲ್ಲಿ ಇಂಗ್ಲಿಷ್ ಟಿ ಅಕ್ಷರದ ಆಕಾರದ ಕೊಳವೆಯನ್ನು ತಿಳಿಸಿದ; ಅದರ ಒಂದು ಕೈ ಕುತ್ತಿಗೆಯ ರಂಧ್ರದಿಂದ ಹೊರಗಿರುತ್ತದೆ. ಫ್ರಾನ್ಸಿನ ಮಾರ್ಸೇಲ್ಸಿನ ದ್ಯುಮೋ ಎಂಬವರು ೧೯೯೦ರಲ್ಲಿ ಪೂರ್ತಿ ಒಳಗೇ ಇರುವ, ಮೈಮೇಲೆ ಸಣ್ಣ ಗುಬ್ಬಿಗಳುಳ್ಳ ಕೊಳವೆಯನ್ನು ಪ್ರಕಟಿಸಿದರು. ಅದು ಜಾರದಿರಲಿ ಎಂದೇ ಆ ಗುಬ್ಬಿಗಳು. ಎರಡನೆಯ ಜಾತಿ ಲೋಹದ್ದು. ತಂತಿಯಿಂದ ಹೆಣೆದ, ಎರಡೂ ಕಡೆ ಬಾಯಿಯುಳ್ಳ ಕೂಳಿಯನ್ನು ನೆನೆಸಿಕೊಂಡರೆ ಸರಿ. ಈಗ ಹೆಚ್ಚಾಗಿ ಬಳಸುವ ತಂತಿ ನಿಟಿನಾಲ್ ಎಂಬ ಮಿಶ್ರಲೋಹ, ನಿಕ್ಕಲ್ಲು ಮತ್ತು ಟೈಟೇನಿಯಮ್ಮಿನ ಬೆರಕೆ. ಅಮೆರಿಕದ ನೌಕಾಪಡೆಯ ಶಸ್ತ್ರ ಪ್ರಯೋಗಾಲಯದಲ್ಲಿ ಇದರ ಗುಣಗಳು ಬೆಳಕಿಗೆ ಬಂದುದರಿಂದ, ಆ ಎರಡು ಲೋಹಗಳ ಮತ್ತು ಪ್ರಯೋಗಾಲಯದ ಹೆಸರುಗಳ ಮೊದಲಕ್ಷರಗಳನ್ನು ಕೂಡಿಸಿ ಈ ಹೆಸರಿಟ್ಟರು. ಅದಕ್ಕೆ ತನ್ನ ಆಕಾರದ ನೆನಪುಂಟು. ಅಮುಕಿ ಸಣ್ಣ ಕೊಳವೆಯೊಳಗೆ ತುರುಕಿದ್ದರೂ, ಬಿಟ್ಟೊಡನೆ ದೇಹದ ಬಿಸಿಗೆ ಅರಳಿ ಮೊದಲಿನ ರೂಪಕ್ಕೆ ಬರುತ್ತದೆ.

ಲೋಹದ ಬಲೆ ಜನಪ್ರಿಯವಾದುದಕ್ಕೆ ಈ ಗುಣವೇ ಕಾರಣ. ಸಿಲಿಕೋನಿನ ಕೊಳವೆಯನ್ನು ಕೂರಿಸಬೇಕಾದರೆ ರೋಗಿಗೆ ಪೂರ್ತಿ ಅರಿವಳಿಕೆ ಕೊಟ್ಟು, ಬಾಯಿಂದ ಉಕ್ಕಿನ ನೇರ ಕೊಳವೆಯನ್ನು ಇಳಿಸಬೇಕು. ಆ ವಿದ್ಯೆ ಬಲ್ಲವರು ಕಡಿಮೆ. ಲೋಹದ್ದಾದರೋ, ಬಾಗುವ ದುರ್ಬೀನಿನ ಸಹಾಯದಿಂದ ಕೆಲವೇ ನಿಮಿಷಗಳಲ್ಲಿ ಸೇರಿಸಬಹುದು. ಅನ್ನನಾಳದ ಅಥವಾ ಶ್ವಾಸಕೋಶದ ಕ್ಯಾನ್ಸರ್ ಬೆಳೆದು ನಾಳವನ್ನು ಅದುಮುತ್ತಿರುವ ರೋಗಿಗೆ ಇದು ನಿಜಕ್ಕೂ ವರ. ಉಳಿದ ಕೆಲವು ತಿಂಗಳು ಅವನು ಉಸಿರುಗಟ್ಟದೆ ಬದುಕುತ್ತಾನೆ; ಆ ಬಲೆಯನ್ನು ತೆಗೆಯುವ ಪ್ರಶ್ನೆಯೇ ಬಹುಶಃ ಏಳುವುದಿಲ್ಲ. ಪ್ರಶ್ನೆ ಏಳುವುದು ನಮ್ಮ ಮಾವನಂಥವರಲ್ಲಿ. ಅವರಿಗೆ ಕ್ಯಾನ್ಸರ್ ಇರಲಿಲ್ಲ, ನಾಲ್ವತ್ತೆಂಟು ವಯಸ್ಸು, ಮುಂದೆ ಮೂವತ್ತು ವರ್ಷದ ಆಯುಷ್ಯವಿರಬಹುದಾದ ಮನುಷ್ಯ.

ಮಲೆನಾಡಿನ ಬೇಲಿಗಳನ್ನು ನೋಡಿದವರಿಗೆ ಮುಂದಿನ ಮಾತು ಸುಲಭವಾಗಿ ಹೊಳೆಯುತ್ತದೆ. ಗೂಟಕ್ಕೆ ಬದಲು ಬದುಕಿರುವ ಮರಕ್ಕೇ ತಂತಿಯನ್ನು ಬಿಗಿದಿರುತ್ತಾರೆ. ಮೊದಲ ವರ್ಷ ತಂತಿ ಮರದ ಮೇಲಿರುತ್ತದೆ. ನಾಲ್ಕಾರು ವರ್ಷ ಕಳೆದರೆ ತೊಗಟೆ ಎರಡು ಕಡೆಯಿಂದಲೂ ಉಬ್ಬಿ ಬಂದು ತಂತಿಯನ್ನು ನುಂಗಿಬಿಡುತ್ತದೆ. ಆಮೇಲೆ ಅದನ್ನು ಎಳೆದರೆ ಒಂದೋ ತಂತಿ ತುಂಡಾಗಬೇಕು, ಇಲ್ಲವೆ ತೊಗಟೆ ಕಿತ್ತು ಬರಬೇಕು. ಶ್ವಾಸನಾಳದಲ್ಲಿ ನಡೆಯುವುದೂ ಇದೇ, ಆದರೆ ಅಲ್ಲಿ ವರ್ಷಗಳು ಬೇಕಾಗಿಲ್ಲ, ವಾರಗಳು ಸಾಕು. ಬಲೆಯ ಕಣ್ಣುಗಳ ಮೂಲಕ ನಾಳದ ಒಳಮೈ ಬೆಳೆದು ತಂತಿಯನ್ನು ಹೊದೆಯುತ್ತದೆ. ಬಲೆಯ ಎರಡು ತುದಿಗಳು ಸದಾ ಉಜ್ಜುವುದರಿಂದ ಅಲ್ಲಿ ಕೆಂಪಗೆ, ಮೆತ್ತಗೆ, ಮುಟ್ಟಿದರೆ ರಕ್ತ ಒಸರುವ ಮಾಂಸ ಬೆಳೆಯುತ್ತದೆ. ಹಾಗೆ, ಹಾದಿಯನ್ನು ತೆರೆಯಲು ಹಾಕಿದ ಬಲೆಯ ಎರಡೂ ಬಾಗಿಲಲ್ಲಿ ಹೊಸದಾಗಿ ಹಾದಿ ಮುಚ್ಚುತ್ತ ಬರುತ್ತದೆ. ಕಸಗುಡಿಸುವ ರೋಮಗಳಿಗೆ ಬಲೆಯಿರುವ ಕಡೆ ಕೆಲಸವಿಲ್ಲ. ಕಫ ಅಲ್ಲಿಯೇ ನಿಂತು ಕೊಳೆಯುತ್ತದೆ. ಮಾವನ ಉಸಿರಿಗೆ ದುರ್ವಾಸನೆ ಬರಲಾರಂಭಿಸಿದುದು ಇದರಿಂದ. ಮೊಮ್ಮಗು ಹತ್ತಿರ ಬರುವುದಿಲ್ಲವೆಂದು ಅವರು ಬಾಯಿಗೆ ಟವೆಲು ಹಿಡಿದೇ ಮಾತನಾಡುತ್ತಿದ್ದರು. ಇದಲ್ಲದೆ ಕೆಮ್ಮಿದಾಗಲೆಲ್ಲ ನಾಳ ಹಿಗ್ಗಿ ಕುಗ್ಗುತ್ತದೆ. ಸಾವಿರಾರು ಬಾರಿ ಬಾಗಿದ ತಂತಿ ಕೊನೆಗೆ ಮುರಿಯುತ್ತದೆ. ಮಾವನದು ಎರಡು ಕಡೆ ಮುರಿದಿತ್ತು.

ಈ ಅನುಭವಗಳು ಒಂದೆರಡಲ್ಲವಾದುದರಿಂದ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ೨೦೦೫ರ ಜುಲೈನಲ್ಲಿ ವೈದ್ಯರಿಗೆ ಒಂದು ಎಚ್ಚರಿಕೆಯನ್ನು ಹೊರಡಿಸಿತು. ಕ್ಯಾನ್ಸರಲ್ಲದ ಕಾರಣದಿಂದ ನಾಳ ಕಿರಿದಾದವರಿಗೆ, ಶಸ್ತ್ರಚಿಕಿತ್ಸೆ ಅಥವಾ ಸಿಲಿಕೋನ್ ಸ್ಟೆಂಟ್ ಮೊದಲಾದ ಉಳಿದ ದಾರಿಗಳನ್ನೆಲ್ಲ ಪೂರ್ತಿ ಪರಿಶೀಲಿಸಿದ ಮೇಲೆಯೇ ಲೋಹದ್ದನ್ನು ಹಾಕಬೇಕು ಎಂಬುದು ಅದರ ತಿರುಳು. "ಸದ್ಯಕ್ಕೆ ಹಾಕಿರೋಣ, ಆಮೇಲೆ ತೆಗೆದು ಬೇರೆ ಚಿಕಿತ್ಸೆ ಮಾಡೋಣ" ಎಂಬ ಸೇತುವೆಯ ಉಪಾಯವಾಗಿ ಅದನ್ನು ಬಳಸುವುದು ಸಲ್ಲದೆಂದೂ ಹೇಳಿತು. ತೆಗೆಯುವಾಗಲೇ ಅಪಾಯ ಹೆಚ್ಚಾದುದರಿಂದ. ಎಚ್ಚರಿಕೆ ಬಂದು ಎಷ್ಟೋ ವರ್ಷವಾದ ಮೇಲೆ ನಮ್ಮ ಮಾವನಿಗೆ ಹಾಕಿದುದು ಅದನ್ನೇ. ಹಾಕಿದ ಡಾಕ್ಟರನ್ನು ನಾನು ದೂರಲಾರೆ. ಆ ರಾತ್ರಿ ಅವರ ಮುಂದಿದ್ದುದು ಉಸಿರುಗಟ್ಟುತ್ತಿರುವ ಒಬ್ಬ ಮನುಷ್ಯ. ಆದರೆ ಮಾರನೆಯ ದಿನ, ರೋಗಿ ಕಾಫಿ ಕುಡಿಯುತ್ತಿರುವಾಗ, "ಇದು ಒಳಗೆ ಹೆಚ್ಚು ದಿನ ಇರಬಾರದು, ಇಂತಿಂಥ ಕಡೆ ಹೋಗಿ ಬೇಗ ವಿಚಾರಿಸಿ" ಎಂದು ಯಾರಾದರೂ ಹೇಳಬಹುದಾಗಿತ್ತು. ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ.

ಇನ್ನು ತೆಗೆಯುವ ಬಗೆ. ೧೮೯೭ರಲ್ಲಿ ಜರ್ಮನಿಯ ಫ್ರೈಬುರ್ಗಿನಲ್ಲಿ ಗುಸ್ತಾವ್ ಕಿಲಿಯನ್ ಎಂಬ ವೈದ್ಯನು ರೈತನೊಬ್ಬನ ಶ್ವಾಸನಾಳದ ಕವಲಿನಿಂದ ಮೂಳೆಯ ಚೂರೊಂದನ್ನು, ಬಾಯಿಂದಲೇ ನೇರ ಕೊಳವೆ ಇಳಿಸಿ ಹೊರತೆಗೆದ. ಎದೆಯನ್ನು ಕೊಯ್ಯದೆ ಮಾಡಿದ ಮೊದಲ ಇಂಥ ಕೆಲಸ ಅದು. ಅಷ್ಟು ಹಳೆಯ ಆ ಉಕ್ಕಿನ ಕೊಳವೆಯೇ ಇಂದಿಗೂ ಸ್ಟೆಂಟ್ ತೆಗೆಯುವವರ ಮುಖ್ಯ ಆಯುಧ. ಜಪಾನಿನ ಇಕೆದಾ ಎಂಬವರು ೧೯೬೦ರ ದಶಕದಲ್ಲಿ ಬಾಗುವ ದುರ್ಬೀನನ್ನು ಬಳಕೆಗೆ ತಂದ ಮೇಲೆ ಅನೇಕ ಕಡೆ ಉಕ್ಕಿನ ಕೊಳವೆ ಮೂಲೆ ಸೇರಿತ್ತು. ಸ್ಟೆಂಟುಗಳು ಅದನ್ನು ಮತ್ತೆ ಮೂಲೆಯಿಂದ ಎಬ್ಬಿಸಿದುವೆನ್ನಬಹುದು.

ರೋಗಿಗೆ ಪೂರ್ತಿ ಅರಿವಳಿಕೆ ಕೊಟ್ಟು, ತಲೆಯನ್ನು ಹಿಂದಕ್ಕೆ ಬಾಗಿಸಿ ಕೊಳವೆಯನ್ನು ಇಳಿಸುತ್ತಾರೆ. ಅರಿವಳಿಕೆಯ ವೈದ್ಯರು ಉಸಿರು ಕೊಡಬೇಕಾದುದೂ ಶಸ್ತ್ರವೈದ್ಯರು ಕೆಲಸ ಮಾಡಬೇಕಾದುದೂ ಒಂದೇ ಕೊಳವೆಯಲ್ಲಿ. ಒಂದೇ ಬಾವಿಗೆ ಇಬ್ಬರು ಹಗ್ಗ ಬಿಟ್ಟಂತೆ. ಬೆಳೆದ ಮಾಂಸವನ್ನು ಮೊದಲು ಸವರಬೇಕು. ಅದಕ್ಕೆ ಲೇಸರ್ ಕಿರಣವನ್ನು ಬಳಸುವುದಾದರೆ ಆಮ್ಲಜನಕದ ಪ್ರಮಾಣವನ್ನು ನೂರಕ್ಕೆ ೪೦ಕ್ಕಿಂತ ಕೆಳಗಿಳಿಸಬೇಕು. ಇಲ್ಲದಿದ್ದರೆ ನಾಳದೊಳಗೇ ಬೆಂಕಿ ಹತ್ತಬಹುದು. ಉಸಿರು ಸಾಲದ ರೋಗಿಗೆ ಆಮ್ಲಜನಕವನ್ನು ಕಡಿಮೆ ಮಾಡಬೇಕಾಗಿ ಬರುವ ಈ ಇಕ್ಕಟ್ಟನ್ನು ವಾಚಕರು ಊಹಿಸಿಕೊಳ್ಳಲಿ. ಬಳಿಕ ಕೊಳವೆಯ ಓರೆಯಾದ ತುದಿಯನ್ನು ಬಲೆಗೂ ಗೋಡೆಗೂ ನಡುವೆ ಮೆಲ್ಲನೆ ತೂರಿಸಿ, ಹಲಸಿನ ತೊಳೆಯಿಂದ ಸಾರೆ ಬಿಡಿಸುವಂತೆ ಸುತ್ತಲೂ ಬಿಡಿಸುತ್ತಾರೆ. ಬಲೆಯ ಅಂಚನ್ನು ಇಕ್ಕಳದಿಂದ ಹಿಡಿದು ತಿರುಚುತ್ತಾರೆ. ತಿರುಚಿದಂತೆ ಬಲೆ ಕಿರಿದಾಗಿ ಗೋಡೆಯನ್ನು ಬಿಡುತ್ತದೆ. ಮುರಿದ ಬಲೆ ಹೀಗೆ ಒಂದಾಗಿ ಬರುವುದಿಲ್ಲ. ಒಂದೊಂದೇ ಎಳೆಯನ್ನು ಹುಡುಕಿ ಕೀಳಬೇಕು. ನಮ್ಮ ಮಾವನಿಗೆ ಮೂರೂವರೆ ಗಂಟೆ ಹಿಡಿಯಿತು.

ಅಪಾಯಗಳಲ್ಲಿ ಮೊದಲನೆಯದು ರಕ್ತಸ್ರಾವ. ಇಲ್ಲಿ ರಕ್ತ ಹೋಗುವುದಕ್ಕಿಂತ ರಕ್ತ ನಿಲ್ಲುವುದೇ ಭಯ. ಮೂಗಿನಿಂದ ಶ್ವಾಸಕೋಶದವರೆಗಿನ ಗಾಳಿದಾರಿಗಳ ಒಟ್ಟು ಹಿಡಿತ ಸುಮಾರು ೧೫೦ ಮಿಲಿಲೀಟರ್, ಅಂದರೆ ಒಂದು ಲೋಟ ಕಾಫಿಯಷ್ಟು. ಅಷ್ಟು ರಕ್ತ ಕೈಯಿಂದ ಹೋದರೆ ಯಾರೂ ಸಾಯುವುದಿಲ್ಲ. ಅಲ್ಲಿ ತುಂಬಿದರೆ ಸಾಯುತ್ತಾರೆ. ಎರಡನೆಯದು ಗೋಡೆ ಹರಿಯುವುದು, ಅದರಲ್ಲಿಯೂ ಹಿಂದಿನ ತೆಳುಪೊರೆ. ಮೂರನೆಯದು, ಆ ಕಾಗದದಲ್ಲಿ ನನಗೆ ಅರ್ಥವಾಗದೆ ಹೋದ "ಟೆನ್ಷನ್ ನ್ಯುಮೋಥೊರಾಕ್ಸ್". ಸೈಕಲ್ ಟ್ಯೂಬಿನ ವಾಲ್ವಿನಂತೆ, ಹರಿದ ಜಾಗದಿಂದ ಗಾಳಿ ಎದೆಗೂಡಿನೊಳಕ್ಕೆ ಹೋಗುತ್ತದೆ, ಹಿಂದಕ್ಕೆ ಬರುವುದಿಲ್ಲ. ಉಸಿರುಸಿರಿಗೂ ಒತ್ತಡ ಏರಿ ಶ್ವಾಸಕೋಶವನ್ನೂ ಹೃದಯವನ್ನೂ ಅದುಮುತ್ತದೆ. ಆಗ ಒಡನೆಯೇ ಎದೆಗೆ ಸೂಜಿ ಚುಚ್ಚಿ ಗಾಳಿ ಬಿಡಬೇಕು. ನಾಲ್ಕನೆಯದು ತಂತಿಯ ಚೂರುಗಳು ಒಳಗುಳಿಯುವುದು. ಐದನೆಯದು ಎಲ್ಲಕ್ಕಿಂತ ಸಾಮಾನ್ಯ: ಬಲೆ ತೆಗೆದೊಡನೆ ಹಳೆಯ ಕಲೆ, ಹೊಸ ಬಾವು ಎರಡೂ ಸೇರಿ ನಾಳ ಮತ್ತೆ ಮುಚ್ಚಿಕೊಳ್ಳುವುದು.

ಇವು ಬರಿಯ ಪುಸ್ತಕದ ಹೆದರಿಕೆಗಳಲ್ಲ. ಅಮೆರಿಕದ ನುರಿತ ವೈದ್ಯ ತಂಡವೊಂದು ೨೦೦೫ರಲ್ಲಿ ತನ್ನ ಲೆಕ್ಕವನ್ನು ಪ್ರಕಟಿಸಿತು. ೨೫ ಮಂದಿಯಿಂದ ೩೦ ಲೋಹದ ಸ್ಟೆಂಟುಗಳನ್ನು ಅವರು ತೆಗೆದಿದ್ದರು. ೭ ಸಲ ಚೂರುಗಳು ಒಳಗುಳಿದುವು; ೪ ಸಲ ಒಳಮೈ ಹರಿದು ರಕ್ತ ಬಂತು; ೬ ಸಲ ರೋಗಿಯನ್ನು ಉಸಿರಿನ ಯಂತ್ರಕ್ಕೆ ಹಾಕಬೇಕಾಯಿತು; ಒಬ್ಬರಿಗೆ ಮೇಲೆ ಹೇಳಿದ ಎದೆಯ ಗಾಳಿಯ ಕಂಟಕ; ೧೪ ಸಲ ನಾಳ ಮತ್ತೆ ಮುಚ್ಚಿ ತಾತ್ಕಾಲಿಕವಾಗಿ ಸಿಲಿಕೋನಿನದನ್ನು ಹಾಕಬೇಕಾಯಿತು. ಪಳಗಿದ ಕೈಗಳ ಗತಿ ಇದು.

ವೆಚ್ಚದ ಮಾತಿಗೆ ಬಂದರೆ ನನ್ನ ಅರ್ಥಶಾಸ್ತ್ರ ಸ್ವಲ್ಪ ಉಪಯೋಗಕ್ಕೆ ಬಂತು. ಅಮೆರಿಕದಲ್ಲಿ ೨೦೧೦ರಲ್ಲಿ ಪ್ರಕಟವಾದ ಇನ್ನೊಂದು ಲೆಕ್ಕದಂತೆ, ಲೋಹದ ಸ್ಟೆಂಟ್ ತೆಗೆಯುವ ಖರ್ಚಿನ ನಡುಮಟ್ಟ ೧೦,೭೦೦ ಡಾಲರು. ಕಡಿಮೆಯೆಂದರೆ ೩,೭೦೦, ಹೆಚ್ಚೆಂದರೆ ೬೯,೮೦೦. ಈ ಅಂತರ ನೋಡಿದಿರಾ? ಇಕ್ಕಳದ ಬೆಲೆ ಎಲ್ಲರಿಗೂ ಒಂದೇ. ಬದಲಾಗುವುದು ದಿನಗಳು: ತುರ್ತು ನಿಗಾ ಘಟಕದ ದಿನ, ಯಂತ್ರದ ದಿನ, ಮತ್ತೆ ಮತ್ತೆ ದುರ್ಬೀನಿನಿಂದ ನೋಡಬೇಕಾದ ದಿನ. ಹಾಕಿದ ೩೦ ದಿನಗಳೊಳಗೆ ತೆಗೆದರೆ ತೊಡಕೂ ಕಡಿಮೆ, ಖರ್ಚೂ ಕಡಿಮೆ ಎಂಬುದು ಅವರಿಗೆ ಕಂಡ ಮುಖ್ಯ ಸಂಗತಿ. ತೊಗಟೆ ತಂತಿಯನ್ನು ನುಂಗುವ ಮುನ್ನ ಎಂದರ್ಥ.

ಮಾವನಿಗೆ ಹಾಕಿಸುವಾಗ ಆದ ಖರ್ಚು ಎಂಬತ್ತು ಸಾವಿರದ ಚಿಲ್ಲರೆ. ತೆಗೆಸುವಾಗ, ಆರು ದಿನದ ನಿಗಾ ಘಟಕವೂ ಹೊಸ ಸಿಲಿಕೋನ್ ಸ್ಟೆಂಟೂ ಸೇರಿ, ಮೂರು ಲಕ್ಷದ ಹತ್ತಿರ. ಎರಡು ವರ್ಷದ ಅಡಿಕೆಯ ಮೇಲೆ ಮುಂಗಡ ತಂದರು. ನಮ್ಮ ದೇಶದಲ್ಲಿ ೨೦೧೭ರ ಫೆಬ್ರವರಿಯಲ್ಲಿ ಸ್ಟೆಂಟುಗಳ ಬೆಲೆಗೆ ಸರ್ಕಾರ ಮಿತಿ ಹಾಕಿತೆಂದು ಓದಿದ ನೆನಪಿನಿಂದ ನಾನು ಬಿಲ್ಲಿನ ಕೌಂಟರಿನಲ್ಲಿ ವಾದಿಸಲು ಹೋಗಿ ಮುಖಭಂಗ ಪಟ್ಟೆ. ಆ ಆಜ್ಞೆ ಹೃದಯದ ರಕ್ತನಾಳದ ಸ್ಟೆಂಟುಗಳಿಗೆ: ಬರಿಯ ಲೋಹದ್ದಕ್ಕೆ ೭,೨೬೦ ರೂಪಾಯಿ, ಔಷಧಿ ಲೇಪಿಸಿದ್ದಕ್ಕೆ ೨೯,೬೦೦. ಹೆಸರೊಂದೇ ಆದರೂ ಶ್ವಾಸನಾಳದ್ದು ಆ ಪಟ್ಟಿಗೆ ಸೇರಿದುದಲ್ಲ.

ಈಗೀಗ ಪೊರೆ ಹೊದಿಸಿದ ಲೋಹದ ಸ್ಟೆಂಟುಗಳು ಬಂದಿವೆ. ಬಲೆಯ ಕಣ್ಣುಗಳು ಮುಚ್ಚಿರುವುದರಿಂದ ಮಾಂಸ ಒಳಹೊಗುವುದು ಕಡಿಮೆ. ತುದಿಯಲ್ಲಿ ಎಳೆಯಲು ದಾರವನ್ನು ಇಡುವುದೂ ಉಂಟು. ಆದರೆ ತುದಿಗಳಲ್ಲಿ ಮಾಂಸ ಬೆಳೆಯುವುದು ಅವುಗಳಲ್ಲಿಯೂ ತಪ್ಪಿಲ್ಲ. ತಾನಾಗಿ ಕರಗುವ ಸ್ಟೆಂಟುಗಳನ್ನೂ ಪ್ರಯೋಗಿಸಿ ನೋಡುತ್ತಿದ್ದಾರೆ. ಕಿರಿದಾದ ಭಾಗ ಚಿಕ್ಕದಾಗಿದ್ದರೆ ಎಲ್ಲಕ್ಕಿಂತ ಒಳ್ಳೆಯದು ಅದನ್ನೇ ಕತ್ತರಿಸಿ ತೆಗೆದು ಎರಡು ತುದಿಗಳನ್ನು ಹೊಲಿಯುವುದು. ಬಾಸ್ಟನ್ನಿನ ಹರ್ಮಿಸ್ ಗ್ರಿಲ್ಲೊ ಈ ವಿದ್ಯೆಯನ್ನು ಬೆಳೆಸಿದವರಲ್ಲಿ ಪ್ರಮುಖರು. ಮಾವನಿಗೆ ಮೊದಲು ಕಿರಿದಾಗಿದ್ದುದು ಎರಡು ಸೆಂಟಿಮೀಟರಿಗೂ ಕಡಿಮೆ. ಬಲೆ ಇದ್ದು ಹೋದ ಮೇಲೆ ಅದು ನಾಲ್ಕು ಸೆಂಟಿಮೀಟರಾಗಿದೆ. "ಮೊದಲೇ ಬಂದಿದ್ದರೆ ಹೊಲಿಗೆ ಸುಲಭವಿತ್ತು" ಎಂದು ತೆಗೆದ ಡಾಕ್ಟರು ನನ್ನೊಡನೆ ಹೇಳಿದರು. ನಾನು ಅದನ್ನು ಮನೆಯಲ್ಲಿ ಬಹಳ ದಿನ ಹೇಳಲಿಲ್ಲ.

ಕೊನೆಗೆ ಅತ್ತೆಗೆ ಹೇಳಿದೆ, ಆ ನಾಲ್ಕು ಪುಟವನ್ನೂ ಸಾಲುಸಾಲಾಗಿ ಕನ್ನಡ ಮಾಡಿ. ಅಡಿಕೆ ಸುಲಿಯುತ್ತ ಕೇಳಿಸಿಕೊಂಡರು. "ಅವತ್ತೇ ಹೇಳಿದ್ದರೂ ರುಜು ಹಾಕುತ್ತಿದ್ದೆನಪ್ಪ. ಆದರೆ ಹಾಕಿಸುವ ದಿನ ಯಾರಾದರೂ ಇದನ್ನು ಓದಿ ಹೇಳಿದ್ದರೆ ನಾಲ್ಕು ಮಾತು ಕೇಳುತ್ತಿದ್ದೆ" ಎಂದರು. ಏನು ಕೇಳುತ್ತಿದ್ದಿರಿ ಎಂದೆ. "ಇದನ್ನು ತೆಗೆಯುವವರು ಯಾರು, ಯಾವಾಗ, ಎಷ್ಟಾಗುತ್ತದೆ, ಹಾಕದೆ ಬೇರೆ ದಾರಿ ಇಲ್ಲವೆ" ಎಂದರು. ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟವರು ಅವರು. ಅಮೆರಿಕದ ಆ ಎಚ್ಚರಿಕೆಯ ಪತ್ರದಲ್ಲಿ ಇದಕ್ಕಿಂತ ಹೆಚ್ಚಿನದೇನೂ ನನಗೆ ಕಾಣಲಿಲ್ಲ.

ಮಾವ ಈಗ ತೋಟದವರೆಗೆ ನಡೆಯುತ್ತಾರೆ. ದಿನಕ್ಕೆ ಎರಡು ಸಲ ಉಪ್ಪುನೀರಿನ ಹಬೆಯನ್ನು ಯಂತ್ರದಿಂದ ಸೇದುತ್ತಾರೆ, ಸಿಲಿಕೋನಿನ ಕೊಳವೆಯಲ್ಲಿ ಕಫ ಕಟ್ಟದಿರಲೆಂದು. ಮೂರು ತಿಂಗಳಿಗೊಮ್ಮೆ ಆಸ್ಪತ್ರೆಗೆ ಹೋಗಬೇಕು; ಹೊಲಿಗೆಯ ಮಾತನ್ನು ಮಳೆಗಾಲ ಕಳೆದ ಮೇಲೆ ನೋಡೋಣವೆಂದಿದ್ದಾರೆ. ಕಳೆದ ಸಲದ ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆವು. ಕುತ್ತಿಗೆಯ ಬುಡದಲ್ಲಿ ಕೂದಲೆಳೆಯಷ್ಟು ಸಣ್ಣ ಎರಡು ಬಿಳಿಯ ಗೆರೆಗಳು ಇನ್ನೂ ಇವೆ.